ಎರೆಮಣ್ಣಿನ ದಾರಿಗೆ ಖಾಲಿ ಸೀಟಿನ ರೋಲರ್: ತರುವ ಮುಂಚೆ, ತಂದ ಮೇಲೆ

ಡ್ರೈವರ್ ಇಲ್ಲದ ರೋಲರ್ ತಂದರೆ ಕೂಲಿ ಉಳಿಯುತ್ತದಾ? ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಅದು ಓಡುತ್ತದಾ? ಸುಣ್ಣ ಬೆರೆಸಿದ ಎರೆಮಣ್ಣಿಗೆ ಆಗಿಬರುತ್ತದಾ? ಸಣ್ಣ ಗುತ್ತಿಗೆದಾರರು, ಸೈಟ್ ಎಂಜಿನಿಯರುಗಳು ಈ ಮೂರನ್ನೇ ತಿರುತಿರುಗಿ ಕೇಳುತ್ತಿದ್ದಾರೆ. ಚುಟುಕು ಉತ್ತರ ಹೀಗಿದೆ. ಕೂಲಿ ಅಷ್ಟೇನೂ ಉಳಿಯುವುದಿಲ್ಲ. ಸಿಗ್ನಲ್ ಇಲ್ಲದಿದ್ದರೂ ಓಡುತ್ತದೆ. ಎರೆಮಣ್ಣಿಗೆ ಆಗಿಬರುತ್ತದೆ, ಆದರೆ ರೋಲರ್ ಬರುವ ಮುಂಚಿನ ಕೆಲಸ ನೀವು ಮುಗಿಸಿದ್ದರೆ ಮಾತ್ರ. ಉದ್ದದ ಉತ್ತರ ಕೆಳಗಿದೆ.

ಲೆಕ್ಕಕ್ಕೆ ಒಂದು ಸೈಟು ಇಟ್ಟುಕೊಳ್ಳೋಣ. ಗದಗ, ವಿಜಯಪುರ, ಕಲಬುರಗಿ ಕಡೆ ಊರಿನಿಂದ ದೂರ, ಹೊಲಗಳ ನಡುವೆ ಗಾಳಿಯಂತ್ರಕ್ಕೋ ಸೋಲಾರ್ ಘಟಕಕ್ಕೋ ಹೋಗುವ ದಾರಿ. ಕೆಳಗೆ ಪೂರ್ತಿ ಎರೆಮಣ್ಣು. ಗರಸು ತರಬೇಕೆಂದರೆ ಲಾರಿ ಬಾಡಿಗೆಯೇ ಗರಸಿನ ಬೆಲೆಯನ್ನು ಮೀರುತ್ತದೆ. ಹಾಗಾಗಿ ಇದ್ದ ಮಣ್ಣಿಗೇ ಸುಣ್ಣ ಬೆರೆಸಿ, ನೀರು ಕೊಟ್ಟು, ರೋಲ್ ಹೊಡೆದು ಗಟ್ಟಿ ಮಾಡುತ್ತೀರಿ. ಗಟ್ಟಿ ಮಾಡುವ ಅಗಲ 5 ಮೀಟರ್, ದಪ್ಪ 30 ಸೆಂಟಿಮೀಟರ್, ಎರಡೂ ಬದಿಗೆ ಒಂದೊಂದು ಮೀಟರ್ ಅಂಚು. ಲೇಖನದ ಲೆಕ್ಕವೆಲ್ಲ ಇದೇ ದಾರಿಯದು.

ನೀವು ಕೊಳ್ಳುತ್ತಿರುವುದು ಯಾವುದನ್ನು?

‘ಸ್ವಯಂಚಾಲಿತ’ ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಾಮಾನು ಮಾರಾಟವಾಗುತ್ತದೆ. ಕೊಟೇಶನ್ ಕೇಳುವಾಗಲೇ ಬಿಡಿಸಿ ಕೇಳಿ.

ಮೊದಲನೆಯದು ಲೆಕ್ಕ ಇಡುವ ರೋಲರ್. ಡ್ರೈವರ್ ಇರುತ್ತಾನೆ, ಓಡಿಸುವುದೂ ಅವನೇ. ಎಲ್ಲೆಲ್ಲಿ ಎಷ್ಟು ಪಾಸ್ (ರೋಲರ್ ಒಮ್ಮೆ ಹಾದುಹೋಗುವುದು) ಆಯಿತು, ಮಣ್ಣು ಎಷ್ಟು ಬಿಗಿಯಿತು ಅನ್ನುವುದು ಪರದೆಯ ಮೇಲೆ ಬಣ್ಣದಲ್ಲಿ ಕಾಣುತ್ತದೆ. ಇದಕ್ಕೆ ಇಂಟೆಲಿಜೆಂಟ್ ಕಂಪ್ಯಾಕ್ಷನ್ ಎಂದು ಹೆಸರು. ಕೇಂದ್ರ ಹೆದ್ದಾರಿ ಸಚಿವಾಲಯ ಲಕ್ನೋ–ಕಾನ್ಪುರ ಎಕ್ಸ್‌ಪ್ರೆಸ್‌ವೇಯಲ್ಲಿ ಜಿಪಿಎಸ್ ಗ್ರೇಡರ್ (ಮಣ್ಣು ಮಟ್ಟ ಮಾಡುವ ಯಂತ್ರ) ಜೊತೆ ಪ್ರಯೋಗಕ್ಕೆ ಇಳಿಸಿದ್ದು ಈ ಬಗೆಯದನ್ನೇ.

ಎರಡನೆಯದು ಅರೆ-ಸ್ವಯಂಚಾಲಿತ. ಸೀಟಿನಲ್ಲಿ ಆಪರೇಟರ್ ಕೂತಿರುತ್ತಾನೆ, ಆದರೆ ಸ್ಟೀರಿಂಗ್, ವೇಗ, ಕಂಪನ, ಸಾಲು ಬದಲಿಸುವುದು ಎಲ್ಲ ಯಂತ್ರದ್ದೇ. ಕ್ಯಾಟರ್‌ಪಿಲ್ಲರ್‌ನ ‘ಕಮಾಂಡ್ ಫಾರ್ ಕಂಪ್ಯಾಕ್ಷನ್’ ಈ ಜಾತಿಗೆ ಸೇರಿದ್ದು.

ಮೂರನೆಯದರಲ್ಲಿ ಸೀಟೇ ಖಾಲಿ. ಇದರ ದೊಡ್ಡ ಉದಾಹರಣೆ ಜಪಾನಿನ ಅಕಿಟಾ ಪ್ರಾಂತ್ಯದ ನರುಸೆ ಅಣೆಕಟ್ಟು. ಚಳಿಗಾಲದ ಹಿಮದಿಂದ ಕೆಲಸ ನಿಲ್ಲುವ ಆ ಗುಡ್ಡಗಾಡಿನಲ್ಲಿ ಕಾಜಿಮಾ ಕಂಪನಿಯ ಡಂಪರ್, ಬುಲ್ಡೋಜರ್, ವೈಬ್ರೇಟರಿ ರೋಲರುಗಳು ಸಿಮೆಂಟ್ ಬೆರೆಸಿದ ಮರಳು-ಜಲ್ಲಿಯನ್ನು ತಾವೇ ತಂದು, ಹರಡಿ, ರೋಲ್ ಹೊಡೆದವು. ನಿಯಂತ್ರಣ ಕೊಠಡಿಯಲ್ಲಿ ಬೆರಳೆಣಿಕೆಯ ಜನ. ಆ ವಿಡಿಯೊ ನೋಡಿ ‘ನಮಗೂ ಇದೇ ಬೇಕು’ ಅನ್ನುವವರು ಎರಡು ಸಂಗತಿ ಗಮನಿಸಬೇಕು. ಅಲ್ಲಿ ಕೆಲಸದ ಜಾಗಕ್ಕೆ ಹೊರಗಿನವರು ಕಾಲಿಡುವಂತಿರಲಿಲ್ಲ. ಮಿಶ್ರಣ ಸ್ಥಾವರದಿಂದ ಒಂದೇ ಹದದಲ್ಲಿ ಬರುತ್ತಿತ್ತು. ನಿಮ್ಮ ದಾರಿಯಲ್ಲಿ ಈ ಎರಡೂ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಮೊದಲ ಕೆಲಸಕ್ಕೆ ಎರಡನೇ ಬಗೆ ತನ್ನಿ. ಆಪರೇಟರ್ ಕೈಕಟ್ಟಿ ಕೂತಿದ್ದರೂ ಪರವಾಗಿಲ್ಲ. ಅವನು ಎಷ್ಟು ಸಲ ಕೈ ಹಾಕಬೇಕಾಯಿತು, ಯಾಕೆ ಹಾಕಬೇಕಾಯಿತು ಅಂತ ಬರೆದಿಡಿ. ಆ ಪಟ್ಟಿ ಖಾಲಿಯಾಗುವ ತನಕ ಸೀಟು ಖಾಲಿ ಮಾಡಬೇಡಿ.

ಒಳ್ಳೆಯ ರೋಲರ್ ಡ್ರೈವರ್ ಕೂತಲ್ಲೇ ಎಷ್ಟೋ ಕೆಲಸ ಮಾಡುತ್ತಿರುತ್ತಾನೆ. ಡ್ರಮ್ ಪುಟಿಯಲು ಶುರುವಾದರೆ ಅವನ ಸೊಂಟಕ್ಕೆ ತಿಳಿಯುತ್ತದೆ. ಮಣ್ಣು ಡ್ರಮ್ಮಿನ ಮುಂದೆ ಅಲೆಯಂತೆ ಏಳುತ್ತಿದ್ದರೆ ‘ಇಲ್ಲಿ ನೀರು ಜಾಸ್ತಿಯಾಗಿದೆ’ ಎಂದು ನಿಲ್ಲಿಸುತ್ತಾನೆ. ದೂರದಲ್ಲಿ ಕುರಿ ಹಿಂಡಿನ ಧೂಳು ಕಂಡರೆ ಹಾರ್ನ್ ಹೊಡೆಯುತ್ತಾನೆ. ಇದ್ಯಾವುದೂ ಅವನ ಕೂಲಿ ಚೀಟಿಯಲ್ಲಿ ಬರೆದಿರುವುದಿಲ್ಲ. ಸೀಟು ಖಾಲಿಯಾದ ದಿನ ಈ ಕೆಲಸಗಳನ್ನೆಲ್ಲ ಬೇರೆ ಯಾರಿಗಾದರೂ, ಯಾವುದಕ್ಕಾದರೂ ಒಪ್ಪಿಸಬೇಕು. ಕೂಲಿ ಉಳಿಯುವುದಿಲ್ಲ ಎಂದದ್ದು ಇದಕ್ಕೇ.

1. ಮಣ್ಣು ಸುಣ್ಣಕ್ಕೆ ಒಗ್ಗುತ್ತದೆಯೇ ನೋಡಿ

ಎರೆಮಣ್ಣು ಎಷ್ಟು ಉಬ್ಬುತ್ತದೆ ಅನ್ನುವುದು ಮೊದಲ ಪ್ರಶ್ನೆ. ಭಾರತೀಯ ಮಾನದಂಡ ಐಎಸ್ 2720ರ 40ನೇ ಭಾಗದ ಪರೀಕ್ಷೆಯನ್ನು ಸೈಟ್ ಲ್ಯಾಬಿನಲ್ಲೇ ಮಾಡಬಹುದು. ಒಣಗಿಸಿ, 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು 100 ಮಿಲಿ ಅಳತೆ ಜಾಡಿಗಳಿಗೆ ಹಾಕಿ. ಒಂದಕ್ಕೆ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆ ಜಾಡಿಯಲ್ಲಿ ಮಣ್ಣು 10 ಮಿಲಿಗೆ, ನೀರಿನದರಲ್ಲಿ 18 ಮಿಲಿಗೆ ನಿಂತಿದ್ದರೆ ಉಬ್ಬು ಶೇ 80. ಶೇ 50 ದಾಟಿದ ಮಣ್ಣನ್ನು ಹಾಗೇ ತುಂಬಲು ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆ ಬಿಡುವುದಿಲ್ಲ.

ಎರಡನೆಯದು ಪ್ಲಾಸ್ಟಿಸಿಟಿ ಇಂಡೆಕ್ಸ್, ಅಂದರೆ ಮಣ್ಣಿನ ಜಿಗುಟಿನ ಅಳತೆ. ಇದು 10ಕ್ಕಿಂತ ಹೆಚ್ಚಿದ್ದರೆ ಸುಣ್ಣ ಕೆಲಸ ಮಾಡುತ್ತದೆ. ಕಡಿಮೆ ಇದ್ದರೆ, ಅಂದರೆ ದಾರಿ ಮಸಾರಿಗೆ (ಮರಳು ಮಿಶ್ರಿತ ಕೆಂಪು ಮಣ್ಣಿಗೆ) ಇಳಿದಿದ್ದರೆ, ಅಲ್ಲಿಗೆ ಸಿಮೆಂಟು ಸರಿ. ಆಗ ಗಡಿಯಾರವೂ ಬದಲಾಗುತ್ತದೆ. ಸುಣ್ಣಕ್ಕೆ ದಿನಗಟ್ಟಲೆ ಸಮಯವಿದೆ. ಸಿಮೆಂಟ್ ಬೆರೆಸಿದ ಮೇಲೆ ಸುಮಾರು ಎರಡು ಗಂಟೆಯೊಳಗೆ ರೋಲಿಂಗ್ ಮುಗಿದಿರಬೇಕು.

ಹೆಚ್ಚಿನವರು ಬಿಟ್ಟುಬಿಡುವುದು ಮೂರನೆಯದನ್ನು, ಸಲ್ಫೇಟ್ ಪರೀಕ್ಷೆಯನ್ನು. ಗುಂಡಿ ತೆಗೆದಾಗ ಕರಿಮಣ್ಣಿನ ನಡುವೆ ಬಿಳಿ ಹರಳು ಮಿನುಗಿದರೆ ಅದು ಜಿಪ್ಸಂ ಇರಬಹುದು. ಸಲ್ಫೇಟ್, ಸುಣ್ಣ, ಜೇಡಿಯ ಅಲ್ಯೂಮಿನಾ, ನೀರು ಸೇರಿ ಎಟ್ರಿಂಗೈಟ್ ಅನ್ನುವ ಖನಿಜ ಹುಟ್ಟುತ್ತದೆ. ಅದು ಬೆಳೆಯುತ್ತಾ ರಸ್ತೆಯನ್ನೇ ಎತ್ತಿಬಿಡುತ್ತದೆ. ಸಲ್ಫೇಟ್ ಶೇ 0.3 ದಾಟಿದರೆ ತಜ್ಞರನ್ನು ಕೇಳದೆ ಮುಂದುವರಿಯಬೇಡಿ. ಶೇ 0.8 ದಾಟಿದರೆ ಸುಣ್ಣದ ಯೋಚನೆಯನ್ನೇ ಬಿಡಿ.

ಅರ್ಧ ಕಿಲೋಮೀಟರಿಗೆ ಒಂದು ಗುಂಡಿ, ಜೊತೆಗೆ ಮಣ್ಣಿನ ಬಣ್ಣ ಬದಲಾದ ಕಡೆಯೆಲ್ಲ ಒಂದೊಂದು. ಪ್ರತಿ ಗುಂಡಿಯ ಅಕ್ಷಾಂಶ-ರೇಖಾಂಶ ಬರೆದಿಡಿ. ಮುಂದೆ ರೋಲರಿನ ನಕ್ಷೆಯಲ್ಲಿ ‘ಇಲ್ಲಿಂದ ಇಲ್ಲಿಗೆ ಒಂದು ಮಣ್ಣು, ಇಲ್ಲಿಂದಾಚೆ ಇನ್ನೊಂದು’ ಎಂದು ಗೆರೆ ಎಳೆಯುವುದು ಇದೇ ಗುರುತುಗಳಿಂದ. ಯಂತ್ರಕ್ಕೆ ಎರೆ ಯಾವುದು, ಮಸಾರಿ ಯಾವುದು ಗೊತ್ತಿಲ್ಲ.

2. ಸುಣ್ಣ ಎಷ್ಟು ಅನ್ನುವುದನ್ನು ಪಿಎಚ್‌ನಿಂದ ಶುರು ಮಾಡಿ

ಈಡ್ಸ್ ಮತ್ತು ಗ್ರಿಮ್ 1966ರಲ್ಲಿ ಕೊಟ್ಟ ಸರಳ ವಿಧಾನ ಇವತ್ತಿಗೂ ನಡೆಯುತ್ತಿದೆ. ಮುಚ್ಚಳ ಇರುವ ಆರು ಪ್ಲಾಸ್ಟಿಕ್ ಬಾಟಲಿಗಳಿಗೆ 25 ಗ್ರಾಂನಂತೆ ಮಣ್ಣು ಹಾಕಿ. ಒಂದಕ್ಕೆ ಶೇ 2 ಸುಣ್ಣ, ಮುಂದಿನದಕ್ಕೆ ಶೇ 3, ಹೀಗೆ ಶೇ 7ರವರೆಗೆ. ಪ್ರತಿಯೊಂದಕ್ಕೂ 100 ಮಿಲಿ ಡಿಸ್ಟಿಲ್ಡ್ ನೀರು. ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಕುಲುಕುತ್ತಾ ಒಂದು ಗಂಟೆ ಕಳೆದ ಮೇಲೆ ಪಿಎಚ್ ನೋಡಿ. 12.4 ಮುಟ್ಟಿದ ಅತಿ ಕಡಿಮೆ ಶೇಕಡಾವಾರೇ ನಿಮ್ಮ ಆರಂಭದ ಅಂಕಿ. ಅದನ್ನು ಶಕ್ತಿ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಿ. ಬಣ್ಣದ ಕಾಗದದ ಪಟ್ಟಿಯಲ್ಲಿ 12ಕ್ಕೂ 12.4ಕ್ಕೂ ವ್ಯತ್ಯಾಸ ಕಾಣದು. ಪಿಎಚ್ ಮೀಟರೇ ಬೇಕು, ಅದನ್ನು 12ರ ಸುತ್ತಲಿನ ಬಫರ್ ದ್ರಾವಣದಿಂದ ಸರಿಮಾಡಿರಬೇಕು.

ಪರೀಕ್ಷೆಗೆ ಬಳಸುವುದು ಸೈಟಿಗೆ ಬರುವ ಸುಣ್ಣವೇ ಆಗಿರಲಿ. ಬಾಗಲಕೋಟೆ ಕಡೆಯ ಭಟ್ಟಿಯದೋ, ಇನ್ನೆಲ್ಲಿಯದೋ, ಶುದ್ಧತೆ ಲೋಡಿನಿಂದ ಲೋಡಿಗೆ ಬದಲಾಗುತ್ತದೆ. ಮಳೆಗಾಲದಲ್ಲಿ ಟಾರ್ಪಾಲಿನ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಿನ ಪುಡಿಯೇ ಆಗಿರುತ್ತದೆ. ನೋಡಲು ಬೆಳ್ಳಗೇ ಇರುತ್ತದೆ.

ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಪ್ರಾಕ್ಟರ್ ಪರೀಕ್ಷೆಯಲ್ಲಿ. ಮಣ್ಣು ಎಷ್ಟು ನೀರಿಗೆ ಅತಿ ಹೆಚ್ಚು ಬಿಗಿಯುತ್ತದೆ, ಆಗ ಅದರ ಒಣ ಸಾಂದ್ರತೆ ಎಷ್ಟು ಎಂದು ಹೇಳುವ ಪರೀಕ್ಷೆ ಇದು. ಸುಣ್ಣ ಬೆರೆತ ಮೇಲೆ ಎರೆಮಣ್ಣಿಗೆ ಬೇಕಾದ ನೀರು ಏರುತ್ತದೆ, ಸಿಗುವ ಗರಿಷ್ಠ ಸಾಂದ್ರತೆ ಇಳಿಯುತ್ತದೆ. ಬರಿ ಮಣ್ಣಿನ ಹಳೆಯ ಅಂಕಿಯನ್ನೇ ಗುರಿ ಎಂದು ಹಿಡಿದರೆ ಆ ಸಾಂದ್ರತೆ ಎಂದೂ ಬರುವುದಿಲ್ಲ. ಅನುಭವಿ ಡ್ರೈವರ್ ಆದರೆ ‘ಇನ್ನು ಕೂರಲ್ಲ ಸರ್’ ಅಂದು ಇಳಿದುಬಿಡುತ್ತಾನೆ. ಯಂತ್ರ ಇಳಿಯುವುದಿಲ್ಲ. ಪಾಸ್ ಮೇಲೆ ಪಾಸ್ ಹೊಡೆದು ಮೇಲ್ಪದರವನ್ನೇ ಪುಡಿ ಮಾಡುತ್ತದೆ. ಸುಣ್ಣ ಬೆರೆಸಿ, ಹದವಾಗಲು ಬಿಟ್ಟ ಮಾದರಿಯ ಮೇಲೆಯೇ ಪ್ರಾಕ್ಟರ್ ಮಾಡಿಸಿ.

3. ಯಾವ ಯಂತ್ರದ ಸೀಟು ಖಾಲಿ ಮಾಡಬೇಕು ನಿರ್ಧರಿಸಿ

ರೋಲರಿನದು ಮಾತ್ರ. ಒಂದೇ ಸಾಲಿನಲ್ಲಿ ಒಂದೇ ವೇಗದಲ್ಲಿ ಎಣಿಸಿ ಓಡುವುದು ಮನುಷ್ಯನಿಗೆ ಬೇಸರದ ಕೆಲಸ, ಯಂತ್ರಕ್ಕೆ ಸಲೀಸು. ಸುಣ್ಣ ಹರಡುವುದು, ಬೆರೆಸುವುದು, ನೀರು ಕೊಡುವುದು ಕ್ಷಣಕ್ಷಣಕ್ಕೂ ಕಣ್ಣಿನಿಂದ ತೀರ್ಮಾನಿಸುವ ಕೆಲಸಗಳು. ಅವುಗಳಲ್ಲಿ ಜನ ಇರಲಿ, ಕ್ಯಾಬಿನ್ನಿನ ಗಾಜು ಏರಿಸಿರಲಿ. ಎತ್ತರದ ಮಣ್ಣುದಿಬ್ಬದ ಅಂಚಿನಂಥ ಅಪಾಯದ ಜಾಗಕ್ಕೆ ರಿಮೋಟ್ ಚಾಲನೆ ಇನ್ನೊಂದು ದಾರಿ. ಜಪಾನಿನ ಉನ್ಜೆನ್ ಜ್ವಾಲಾಮುಖಿ 1991ರಲ್ಲಿ 43 ಜನರನ್ನು ಬಲಿ ತೆಗೆದುಕೊಂಡ ಮೇಲೆ ಅಲ್ಲಿನ ಕೆಸರು ತಡೆಯುವ ಕಟ್ಟೆಗಳ ಕೆಲಸವನ್ನು ದೂರದಲ್ಲಿ ಕೂತೇ ಯಂತ್ರ ಓಡಿಸಿ ಮಾಡಿದರು.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಪೂರೈಕೆದಾರರಿಂದ ಮೂರು ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಯಂತ್ರದ ಸುರಕ್ಷತಾ ವ್ಯವಸ್ಥೆ ಐಎಸ್ಒ 17757ಕ್ಕೆ ಹೊಂದುತ್ತದೆಯೇ? (ಮಣ್ಣು ಕೆಲಸ ಮತ್ತು ಗಣಿಯ ಸ್ವಯಂಚಾಲಿತ ಯಂತ್ರಗಳಿಗೆಂದೇ ಇರುವ ಮಾನದಂಡ ಅದು.) ರೇಡಿಯೊ ಸಂಪರ್ಕ ಕಡಿದರೆ ತಾನಾಗಿ ನಿಲ್ಲುತ್ತದೆಯೇ? ವಿಮೆ ಖಾಲಿ ಸೀಟಿಗೂ ಅನ್ವಯಿಸುತ್ತದೆಯೇ?

ಸಾರ್ವಜನಿಕ ರಸ್ತೆಯಲ್ಲಿ ಹತ್ತು ಮೀಟರ್ ಕೂಡ ಅದನ್ನು ತಾನಾಗಿ ಓಡಲು ಬಿಡಬೇಡಿ. ಟ್ರೈಲರ್ ಮೇಲೆ ತನ್ನಿ, ಇಲ್ಲವೇ ಲೈಸೆನ್ಸ್ ಇರುವ ಚಾಲಕ ಓಡಿಸಲಿ.

4. ಬೇಸ್ ಸ್ಟೇಷನ್ ನೆಡಿ, ಆದರೆ ಎರೆಮಣ್ಣಿನಲ್ಲಿ ಬೇಡ

ಮೊಬೈಲಿನ ಜಿಪಿಎಸ್ ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ. ರೋಲರಿಗೆ ಎರಡು-ಮೂರು ಸೆಂಟಿಮೀಟರ್ ನಿಖರತೆ ಬೇಕು. ಅದಕ್ಕೆ ಆರ್‌ಟಿಕೆ ಬಳಸುತ್ತಾರೆ. ಜಾಗ ಗೊತ್ತಿರುವ ಒಂದು ಕಡೆ ಬೇಸ್ ರಿಸೀವರ್ ಕೂತು ಉಪಗ್ರಹ ಸಂಕೇತದ ತಪ್ಪನ್ನು ಲೆಕ್ಕ ಹಾಕುತ್ತದೆ, ಯಂತ್ರದ ಮೇಲಿನ ರಿಸೀವರ್ ಅದನ್ನು ಪಡೆದು ತನ್ನ ಜಾಗ ತಿದ್ದಿಕೊಳ್ಳುತ್ತದೆ.

ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲ, ಅಂದರೆ ಸದಾ ಚಾಲೂ ಇರುವ ಬೇಸ್ ಸ್ಟೇಷನ್‌ಗಳ ಜಾಲ, ಕರ್ನಾಟಕದಲ್ಲಿದೆ. ಆದರೆ ಅದರ ತಿದ್ದುಪಡಿ ಬರುವುದು ಇಂಟರ್ನೆಟ್ ಮೂಲಕ. ಸಿಗ್ನಲ್ ಬಂದು ಹೋಗುವ ಸೈಟಿನಲ್ಲಿ ಅದನ್ನೇ ನಂಬಿಕೊಂಡರೆ ರೋಲರ್ ಅರ್ಧ ದಿನ ನಿಂತೇ ಇರುತ್ತದೆ. ನಿಮ್ಮದೇ ಬೇಸ್ ಇಟ್ಟು ರೇಡಿಯೊದಲ್ಲಿ ಕಳಿಸಿ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ನಡುವೆ ಕಡಿಮೆ ಶಕ್ತಿಯ ಉಪಕರಣಕ್ಕೆ ಲೈಸೆನ್ಸ್ ಬೇಕಿಲ್ಲ. ಹೆಚ್ಚು ಶಕ್ತಿಯ ಯುಎಚ್‌ಎಫ್ ರೇಡಿಯೊ ಆದರೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಕಾರ್ಸ್ ಅನ್ನು ನಿಮ್ಮ ಬೇಸ್‌ನ ಜಾಗವನ್ನು ಒಮ್ಮೆ ನಿಖರವಾಗಿ ಕಂಡುಕೊಳ್ಳಲು ಬಳಸಿದರೆ ಸಾಕು.

ಇಲ್ಲಿ ನಾನೇ ಎಡವಿದ್ದೇನೆ. ಹೊಲದ ಬದುವಿನಲ್ಲಿ ಕಬ್ಬಿಣದ ಕಂಬ ಹೂತು, ಬುಡಕ್ಕೆ ಕಾಂಕ್ರೀಟ್ ಹಾಕಿ ಬೇಸ್ ಕೂರಿಸಿದ್ದೆವು. ಒಂದು ಅಡ್ಡಮಳೆ ಬಂತು. ಮಣ್ಣು ಉಬ್ಬಿತು, ಕಂಬ ಕಣ್ಣಿಗೆ ಕಾಣದಷ್ಟು ವಾಲಿತು, ಗ್ರೇಡರ್ ಕೊಟ್ಟ ಮಟ್ಟವೆಲ್ಲ ಎರಡು ದಿನ ತಪ್ಪಿತು. ಉಬ್ಬುವ ಮಣ್ಣಿಗೆ ಮದ್ದು ಮಾಡಲು ಹೋದವರು ಅದೇ ಮಣ್ಣಿನಲ್ಲಿ ಅಳತೆಗೋಲು ನೆಟ್ಟಿದ್ದೆವು. ಬಂಡೆ ಇದ್ದರೆ ಬಂಡೆ ಮೇಲೆ, ಇಲ್ಲವೇ ಹಳೆಯ ಮೋರಿಯ ಗೋಡೆ ಮೇಲೆ, ಅದೂ ಇಲ್ಲದಿದ್ದರೆ ಗಟ್ಟಿ ಗರಸಿನ ತನಕ ಇಳಿದ ಕಂಬದ ಮೇಲೆ ಕೂರಿಸಿ. ಆಕಾಶ ಎಲ್ಲ ದಿಕ್ಕಿಗೂ ಬಯಲಾಗಿರಲಿ.

ಇನ್ನು ಮೂರು ತಪ್ಪು ಪದೇ ಪದೇ ಕಾಣುತ್ತವೆ:

– ಪ್ರತಿ ಬೆಳಿಗ್ಗೆ ಬೇಸ್ ತನ್ನ ಜಾಗವನ್ನು ತಾನೇ ಸರಾಸರಿ ತೆಗೆದು ಊಹಿಸಲು ಬಿಡುವುದು. ಆಗ ನಿನ್ನೆಯ ನಕ್ಷೆಗೂ ಇವತ್ತಿನದಕ್ಕೂ ಒಂದೆರಡು ಮೀಟರ್ ವ್ಯತ್ಯಾಸ ಬರುತ್ತದೆ. ಒಮ್ಮೆ ಅಳೆದ ಅಂಕಿಯನ್ನೇ ಕಾಯಂ ಮಾಡಿ.
– ಎತ್ತರದ ಗೊಂದಲ. ಉಪಗ್ರಹ ಕೊಡುವ ಎತ್ತರಕ್ಕೂ ನಕ್ಷೆಯಲ್ಲಿರುವ ಸಮುದ್ರಮಟ್ಟದ ಎತ್ತರಕ್ಕೂ ನಮ್ಮ ಭಾಗದಲ್ಲಿ 70–90 ಮೀಟರ್ ಅಂತರವಿದೆ. ಡಿಸೈನ್ ಕಡತ ಯಾವ ಎತ್ತರದಲ್ಲಿದೆ ಎಂದು ಮೊದಲ ದಿನವೇ ತೀರ್ಮಾನಿಸಿ.
– ಪರದೆಯಲ್ಲಿ ‘ಫಿಕ್ಸ್’ ಬದಲು ‘ಫ್ಲೋಟ್’ ಎಂದಿದ್ದರೂ ಓಡಿಸುವುದು. ಫ್ಲೋಟ್ ಎಂದರೆ ಯಂತ್ರಕ್ಕೆ ತನ್ನ ಜಾಗ ಖಚಿತವಿಲ್ಲ ಎಂದರ್ಥ. ಫ್ಲೋಟ್ ಬಂದ ಕೂಡಲೇ ನಿಲ್ಲುವಂತೆ ಸೆಟ್ಟಿಂಗ್ ಮಾಡಿ, ಆ ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇರಲಿ.

5. ಕಾಣದ ಬೇಲಿ, ಕಾಣುವ ಬೇಲಿ

ನಕ್ಷೆಯಲ್ಲಿ ಯಂತ್ರ ದಾಟಬಾರದ ಗೆರೆಗೆ ಜಿಯೋಫೆನ್ಸ್ ಎನ್ನುತ್ತಾರೆ. ಅದನ್ನು ರಸ್ತೆಯ ಅಂಚಿಗೆ ಸರಿಯಾಗಿ ಎಳೆಯಬೇಡಿ. ತುಂಬಿದ ಮಣ್ಣಿನ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಒಳಗೆ ಇರಲಿ, ಹತ್ತು-ಹನ್ನೊಂದು ಟನ್ನಿನ ರೋಲರ್ ಅಂಚು ಕುಸಿದರೆ ಮಗುಚುತ್ತದೆ. ಅಗಲವನ್ನು ಸ್ವಲ್ಪ ಹೆಚ್ಚೇ ಕಟ್ಟಿ ಆಮೇಲೆ ಕತ್ತರಿಸುವುದು ಹಳೆಯ ಉಪಾಯ, ಇಲ್ಲಿಗೂ ಅದೇ ಸರಿ. ಡ್ರೋನ್ ಹಾರಿಸಿ ನಕ್ಷೆ ತೆಗೆಯುವುದಾದರೆ ಆ ಜಾಗ ಹಸಿರು ವಲಯದಲ್ಲಿದೆಯೇ (ಅನುಮತಿ ಕೇಳದೆ ಹಾರಿಸಬಹುದಾದ ಜಾಗವೇ) ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ.

ಯಂತ್ರ ಗೆರೆ ದಾಟದಿರಬಹುದು, ಜನ ದಾಟುತ್ತಾರೆ. ನಮ್ಮ ಸೈಟುಗಳು ಹಿಂದೆ ಬಂಡಿದಾರಿ ಆಗಿದ್ದವು. ಸುಗ್ಗಿ ಮುಗಿದ ಮೇಲೆ ಕುರಿಗಾಹಿಗಳು ಅದೇ ದಾರಿಯಲ್ಲಿ ಬರುತ್ತಾರೆ. ಅವರಿಗೆ ‘ಪ್ರವೇಶ ನಿಷಿದ್ಧ’ ಫಲಕದಿಂದ ಏನೂ ಆಗಬೇಕಿಲ್ಲ. ಸುತ್ತಿನ ಹೊಲದವರ ಮನೆಗೆ, ಕುರಿಹಟ್ಟಿಗೆ ನೀವೇ ಹೋಗಿ ಯಾವ ದಿನ, ಯಾವ ಹೊತ್ತು, ಎಲ್ಲಿಂದ ಎಲ್ಲಿಗೆ ಎಂದು ಹೇಳಿಬನ್ನಿ. ಬದಲಿ ದಾರಿ ತೋರಿಸಿ. ಕೆಲಸ ನಡೆಯುವಾಗ ಎರಡೂ ತುದಿಯಲ್ಲಿ ಒಬ್ಬೊಬ್ಬ ಕಾವಲಿನವನಿರಲಿ, ಅವನ ಕೈಯಲ್ಲಿ ರೋಲರ್ ನಿಲ್ಲಿಸುವ ಕೆಂಪು ಗುಂಡಿಯ ರಿಮೋಟ್ ಇರಲಿ. ಪ್ರತಿ ಬೆಳಿಗ್ಗೆ ಒತ್ತಿ ನೋಡಿ, ಎಷ್ಟು ದೂರದಲ್ಲಿ ನಿಂತಿತು ಎಂದು ಟೇಪ್ ಹಿಡಿದು ಬರೆಯಿರಿ.

ಬಯಲಿನಲ್ಲಿ ಮಧ್ಯಾಹ್ನ ಇರುವ ಒಂದೇ ನೆರಳು ನಿಂತ ರೋಲರಿನದು. ಊಟ ಮಾಡಿದವರು ಅಲ್ಲೇ ಒರಗುತ್ತಾರೆ. ಯಂತ್ರದ ಲೇಸರ್ ಕಣ್ಣು (ಲೈಡಾರ್) ಇರುವ ಎತ್ತರಕ್ಕೆ ಮಲಗಿದ ಮನುಷ್ಯ, ಕುರಿಮರಿ ಕಾಣದೆ ಹೋಗಬಹುದು. ಪ್ರತಿ ಸಲ ಚಾಲೂ ಮಾಡುವ ಮುಂಚೆ ಒಬ್ಬ ಸುತ್ತ ನಡೆದು ಬಗ್ಗಿ ನೋಡಲೇಬೇಕು. ಇದಕ್ಕೆ ವಿನಾಯಿತಿ ಇಲ್ಲ. ನೆರಳಿಗೆ ಬೇರೆ ಕಡೆ ಒಂದು ಚಪ್ಪರ ಹಾಕಿಸಿ, ಖರ್ಚು ಏನೂ ಅಲ್ಲ.

6. ಸುಣ್ಣ ಹರಡಿ, ಬೆರೆಸಿ, ಬಿಡಿ

ಲೆಕ್ಕ ಹೀಗೆ. ಒಣ ಸಾಂದ್ರತೆ ಘನ ಮೀಟರಿಗೆ 1,600 ಕಿಲೋ, ದಪ್ಪ 0.3 ಮೀಟರ್, ಅರಳಿಸಿದ ಸುಣ್ಣ ಶೇ 4 ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 1,600 × 0.3 × 0.04, ಅಂದರೆ 19.2 ಕಿಲೋ. 25 ಕಿಲೋ ಚೀಲ 1.3 ಚದರ ಮೀಟರಿಗೆ ಬರುತ್ತದೆ. 5 ಮೀಟರ್ ಅಗಲಕ್ಕೆ ಅಡ್ಡಡ್ಡ ನಾಲ್ಕು ಚೀಲ, ಸಾಲಿನಿಂದ ಸಾಲಿಗೆ 1.04 ಮೀಟರ್. ಸುಣ್ಣದ ಪುಡಿಯಿಂದಲೇ ಚೌಕ ಗುರುತು ಹಾಕಿ, ಚೌಕಕ್ಕೊಂದು ಚೀಲ ಇಟ್ಟು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಒಡೆದು ಹರಡಿ. 100 ಮೀಟರಿಗೆ 384 ಚೀಲ, 9.6 ಟನ್. ಸಂಜೆ ಖಾಲಿ ಚೀಲ ಎಣಿಸಿ. ಲೆಕ್ಕ ಕೂಡದಿದ್ದರೆ ಮರುದಿನ ರೋಲರ್ ಇಳಿಸಬೇಡಿ.

ಸುಟ್ಟ ಸುಣ್ಣವಾದರೆ ತೂಕ ಕಡಿಮೆ ಸಾಕು. ಒಂದು ಟನ್ ಸುಟ್ಟ ಸುಣ್ಣ ನೀರು ಕುಡಿದು ಸುಮಾರು 1.32 ಟನ್ ಅರಳಿದ ಸುಣ್ಣ ಆಗುತ್ತದೆ. ಹಸಿ ಮಣ್ಣನ್ನು ಒಣಗಿಸಲು ಇದೇ ಒಳ್ಳೆಯದು. ಆದರೆ ನೀರು ತಗುಲಿದರೆ ಕುದಿಯುತ್ತದೆ, ಬೆವರಿದ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅರಳಿಸಿದ್ದಕ್ಕಾದರೂ ಕನ್ನಡಕ, ಮಾಸ್ಕ್, ಕೈಗವಸು, ಬೂಟು ಬೇಕೇ ಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ ಕನಿಷ್ಠ ಕಾಲು ಗಂಟೆ ಶುದ್ಧ ನೀರು ಹಾಯಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಅದಕ್ಕೆಂದೇ ಒಂದು ಕ್ಯಾನ್ ನೀರು ಬೇರೆ ಇಟ್ಟಿರಿ. ಗಾಳಿ ಎದ್ದ ಹೊತ್ತಿನಲ್ಲಿ ಹರಡಬೇಡಿ. ಗಾಳಿಯಂತ್ರ ನೆಡಲು ಆರಿಸಿದ ಜಾಗದಲ್ಲಿ ಗಾಳಿ ಇಲ್ಲದ ಹೊತ್ತು ಅಂದರೆ ಸಾಮಾನ್ಯವಾಗಿ ಬೆಳಗಿನ ಜಾವವೇ.

ನೀರಿನ ಲೆಕ್ಕ: 100 ಮೀಟರ್ ಉದ್ದಕ್ಕೆ ಒಣ ಮಣ್ಣು 240 ಟನ್. ತೇವ ಶೇ 8ರಷ್ಟು ಏರಿಸಬೇಕಿದ್ದರೆ 19,200 ಲೀಟರ್, ಅಂದರೆ 5,000 ಲೀಟರಿನ ನಾಲ್ಕು ಟ್ಯಾಂಕರ್. ಏಪ್ರಿಲ್ ಬಿಸಿಲಿನಲ್ಲಿ ಆರುವುದಕ್ಕೆ ಇನ್ನೊಂದು ಸೇರಿಸಿ.

ರಿಕ್ಲೇಮರ್ (ಮಣ್ಣು ಕತ್ತರಿಸಿ ಬೆರೆಸುವ ಯಂತ್ರ) ಸಿಕ್ಕರೆ ಒಳ್ಳೆಯದು. ಟ್ರ್ಯಾಕ್ಟರ್ ರೋಟವೇಟರ್ 30 ಸೆಂಟಿಮೀಟರ್ ಆಳಕ್ಕೆ ಒಂದೇ ಏಟಿಗೆ ಇಳಿಯುವುದಿಲ್ಲ, 15ರ ಎರಡು ಪದರ ಮಾಡಿ. ಮೊದಲ ಬೆರಕೆ ಆದ ಮೇಲೆ ಹಗುರವಾಗಿ ಮುಚ್ಚಿ, ತೇವ ಆರದಂತೆ ಒಂದರಿಂದ ನಾಲ್ಕು ದಿನ ಬಿಡಿ. ಜಿಗುಟು ಮಣ್ಣು ಈ ಹೊತ್ತಿನಲ್ಲಿ ಪುಡಿಪುಡಿಯಾಗುತ್ತದೆ. ಇನ್ನೊಮ್ಮೆ ಬೆರೆಸಿ ಜರಡಿ ಹಿಡಿಯಿರಿ. 25 ಮಿಲಿಮೀಟರ್ ಜರಡಿಯಲ್ಲಿ ಎಲ್ಲವೂ, 4.75ರಲ್ಲಿ ಕನಿಷ್ಠ ಶೇ 60 ಇಳಿಯಬೇಕು. ಹೆಂಟೆ ಉಳಿದರೆ ಒಳಗಡೆ ಹಸಿ ಎರೆಮಣ್ಣೇ ಇರುತ್ತದೆ, ಮೇಲೆ ಮಾತ್ರ ಸುಣ್ಣ. ರೋಲರ್ ಅದನ್ನು ಚಪ್ಪಟೆ ಮಾಡಿ ಮರೆಸುತ್ತದೆ, ಮಳೆಗಾಲ ಹೊರಗೆ ತರುತ್ತದೆ.

7. ಪ್ರಯೋಗದ ತುಂಡು

ನೇರ, ಸಮತಟ್ಟಾದ 50 ಮೀಟರ್ ಆರಿಸಿ. ರೋಲರ್ ಎರಡು ಪಾಸ್ ಮುಗಿಸಿದಾಗ ನಿಲ್ಲಿಸಿ ಮೂರು ಕಡೆ ಸಾಂದ್ರತೆ ಅಳೆಯಿರಿ. ಆಮೇಲೆ ನಾಲ್ಕಕ್ಕೆ, ಆರಕ್ಕೆ, ಎಂಟಕ್ಕೆ, ಹತ್ತಕ್ಕೆ. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಸೇರಿಸಿದರೆ ಏರಿಕೆ ಎಲ್ಲಿ ನಿಂತಿತು ಎಂದು ಕಾಣುತ್ತದೆ. ಅಲ್ಲಿಗೆ ನಿಮ್ಮ ಪಾಸ್ ಸಂಖ್ಯೆ ಸಿಕ್ಕಿತು.

ಜೊತೆಗೆ ಪ್ರತಿ ಸಲ ಯಂತ್ರ ತೋರಿಸಿದ ಬಿಗಿತದ ಅಂಕಿಯನ್ನೂ ಬರೆದುಕೊಳ್ಳಿ. ಡ್ರಮ್ಮಿಗೆ ಅಂಟಿಸಿದ ಸಂವೇದಕ ಅದು ಎಷ್ಟು ಪುಟಿಯುತ್ತಿದೆ ಎಂದು ಅಳೆದು ಕೊಡುವ ಅಂಕಿ ಅದು. ಡ್ರೈವರನ ಸೊಂಟಕ್ಕೆ ತಿಳಿಯುತ್ತಿದ್ದದ್ದೂ ಇದೇ. ಇದು ಸಾಂದ್ರತೆಯ ಅಂಕಿ ಅಲ್ಲ ಎಂಬುದನ್ನು ಮರೆಯಬೇಡಿ. ಒಣಗಿದ ಸಡಿಲ ಮಣ್ಣೂ ಬಿಗಿ ಎಂದು ತೋರಿಸಬಹುದು. ಡ್ರಮ್ಮಿನ ಕಂಪನ 30 ಸೆಂಟಿಮೀಟರಿಗಿಂತ ಆಳಕ್ಕೂ ಇಳಿಯುವುದರಿಂದ ಕೆಳಗಿನ ಬಂಡೆಯ ಬಿಗಿತವೂ ಇದರಲ್ಲಿ ಸೇರಿಕೊಳ್ಳುತ್ತದೆ. ನಿಮ್ಮ ಮಣ್ಣಿನಲ್ಲಿ ಯಾವ ಅಂಕಿಗೆ ಯಾವ ಸಾಂದ್ರತೆ ಎಂಬ ನಂಟು ಈ 50 ಮೀಟರಿನಲ್ಲೇ ಸಿಗಬೇಕು. ಮಣ್ಣು ಬದಲಾದರೆ ಹೊಸ ತುಂಡು, ಹೊಸ ಗ್ರಾಫ್.

ಪಾಸ್ ಅಂದರೆ ಏನು ಎಂದು ಪೂರೈಕೆದಾರರ ಜೊತೆ ಮೊದಲೇ ಖಚಿತ ಮಾಡಿಕೊಳ್ಳಿ. ಕೆಲವು ಯಂತ್ರಗಳಲ್ಲಿ ಹೋದದ್ದು ಒಂದು, ಬಂದದ್ದು ಇನ್ನೊಂದು. ಕೆಲವರ ಲೆಕ್ಕದಲ್ಲಿ ಹೋಗಿ ಬಂದರೆ ಒಂದು. ಈ ಒಂದು ಗೊಂದಲದಿಂದ ಅರ್ಧ ರೋಲಿಂಗ್ ಆದ ರಸ್ತೆಗೆ ಪೂರ್ತಿ ಹಸಿರು ನಕ್ಷೆ ಬರುತ್ತದೆ.

8. ಓಡಿಸುವ ದಿನ

ಮೊದಲು ಗುಬ್ಬಿ ಇರುವ ಡ್ರಮ್ (ಪ್ಯಾಡ್‌ಫುಟ್), ಮೇಲ್ಮೈಗೆ ನುಣುಪು ಡ್ರಮ್. 2.1 ಮೀಟರಿನ ಡ್ರಮ್ ಪ್ರತಿ ಸಾಲಿನಲ್ಲೂ ಪಕ್ಕದ ಸಾಲಿನ ಮೇಲೆ 20 ಸೆಂಟಿಮೀಟರ್ ಹಾಯುವಂತೆ ಬಿಟ್ಟರೆ ಮೂರು ಸಾಲಿನಲ್ಲಿ 5.9 ಮೀಟರ್ ಮುಗಿಯುತ್ತದೆ.

ವೇಗ ಗಂಟೆಗೆ 3.6 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಒಂದು ಮೀಟರ್. ಸೆಕೆಂಡಿಗೆ 30 ಕಂಪನ ಇದ್ದರೆ 3.3 ಸೆಂಟಿಮೀಟರಿಗೊಂದು ಏಟು ಬೀಳುತ್ತದೆ. ವೇಗ ಇಮ್ಮಡಿಸಿದರೆ ಏಟಿನ ಅಂತರವೂ ಇಮ್ಮಡಿ. ಊಟದ ನಂತರ, ಸಂಜೆ ಮನೆಗೆ ಹೋಗುವ ಹೊತ್ತಿಗೆ ಮನುಷ್ಯ ಮಾಡುವ ತಪ್ಪು ಇದೇ. ಯಂತ್ರದಿಂದ ನಿಮಗೆ ನಿಜವಾಗಿ ಸಿಗುವ ಲಾಭವೂ ಇಲ್ಲೇ ಇದೆ. ಎಂಟು ಪಾಸ್, ಮೂರು ಸಾಲು, 100 ಮೀಟರ್ ಎಂದರೆ 2,400 ಮೀಟರ್ ಓಟ, 40 ನಿಮಿಷ. ತಿರುವು, ನಿಲುಗಡೆ ಸೇರಿ ಒಂದು ಗಂಟೆ ಹಿಡಿಯಿರಿ.

ನಿಲ್ಲುವ ಮುಂಚೆ ಕಂಪನ ನಿಲ್ಲುವಂತೆ ಹೊಂದಿಸಿ, ಇಲ್ಲದಿದ್ದರೆ ಹಿಂದಿರುಗುವ ಜಾಗದಲ್ಲಿ ಡ್ರಮ್ ಅಗಲದ ತಗ್ಗು ಬೀಳುತ್ತದೆ. ಪ್ರತಿ ಸಾಲಿನ ಹಿಂದಿರುಗುವ ಜಾಗ ಒಂದೇ ಗೆರೆಯಲ್ಲಿ ಬರದಿರಲಿ. ಸುಣ್ಣದ ಪದರದ ಮೇಲೆ ಸ್ಟೀರಿಂಗ್ ತಿರುಗಿಸಿ ಉಜ್ಜುವುದು ಬೇಡ, ಸಾಲು ಬದಲಾವಣೆ ಆಚೆ ತುದಿಯಲ್ಲಿ ಆಗಲಿ.

ಒಬ್ಬ ರೋಲರಿನ ಹಿಂದೆ ಸುರಕ್ಷಿತ ದೂರದಲ್ಲಿ ನಡೆಯುತ್ತಾ ಮಣ್ಣು ನೋಡುತ್ತಿರಬೇಕು. ಹಿಡಿ ಮಣ್ಣು ತೆಗೆದು ಹಿಸುಕಿದರೆ ಉಂಡೆ ನಿಲ್ಲಬೇಕು, ಗವಸಿಗೆ ಅಂಟಬಾರದು. ಅಲೆ ಎದ್ದರೆ ನಿಲ್ಲಿಸಿ. ಒಣ ಧೂಳು ಎದ್ದರೂ ನಿಲ್ಲಿಸಿ. ದಟ್ಟ ಧೂಳನ್ನು ಲೈಡಾರ್ ಗೋಡೆ ಎಂದು ತಿಳಿದು ಯಂತ್ರವನ್ನು ಸುಮ್ಮಸುಮ್ಮನೆ ನಿಲ್ಲಿಸುತ್ತದೆ. ಬೇಸತ್ತ ಹುಡುಗರು ಆ ಸಂವೇದಕವನ್ನೇ ಆಫ್ ಮಾಡಿಬಿಡುತ್ತಾರೆ, ಅಪಘಾತ ಆಗುವುದು ಆಗಲೇ. ರಾಡಾರ್ ಧೂಳಿನ ಆಚೆಗೂ ನೋಡುತ್ತದೆ, ಎರಡೂ ಇರುವ ಯಂತ್ರ ಕೇಳಿ. ಗಾಜು ಒರೆಸಲು ಗಂಟೆಗೊಮ್ಮೆ ನಿಲುಗಡೆ ಇಟ್ಟುಕೊಳ್ಳಿ.

9. ನಕ್ಷೆ ಹಸಿರಾದರೂ ಅಗೆದು ನೋಡಿ

ಹಸಿರು ನಕ್ಷೆ ಹೇಳುವುದು ರೋಲರ್ ಅಲ್ಲಿ ಓಡಿತು ಎಂದಷ್ಟೆ. ನಕ್ಷೆಯಲ್ಲಿ ಅತಿ ಕಡಿಮೆ ಬಿಗಿತ ತೋರಿದ ಜಾಗಗಳಲ್ಲೇ ಸ್ಯಾಂಡ್ ರೀಪ್ಲೇಸ್‌ಮೆಂಟ್ ವಿಧಾನದಿಂದ (ಗುಂಡಿ ತೆಗೆದು, ಗೊತ್ತಿರುವ ಮರಳು ತುಂಬಿ ಅಳೆಯುವುದು) ಸಾಂದ್ರತೆ ನೋಡಿ. ನಿಮಗಿಷ್ಟ ಬಂದ ಕಡೆ ತೆಗೆದ ಹತ್ತು ಗುಂಡಿಗಿಂತ ಯಂತ್ರ ಬೆರಳು ತೋರಿಸಿದ ಮೂರು ಗುಂಡಿ ಮೇಲು.

ಅದೇ ಗುಂಡಿಯ ಗೋಡೆಯನ್ನು ಕರಣೆಯಿಂದ ನಯವಾಗಿ ಸವರಿ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ. ಸುಣ್ಣ ತಲುಪಿದ ಕಡೆ ಕಡು ಗುಲಾಬಿ ಬರುತ್ತದೆ, ತಲುಪದ ಕಡೆ ಮಣ್ಣು ಕಪ್ಪಾಗೇ ಉಳಿಯುತ್ತದೆ. ಗುಲಾಬಿ ಪಟ್ಟಿ 30 ಸೆಂಟಿಮೀಟರ್ ಇಳಿದಿದೆಯೇ, ನಡುವೆ ಕಪ್ಪು ಹೆಂಟೆಯ ಚುಕ್ಕೆಗಳಿವೆಯೇ? ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಬಿಲ್ ಪಾಸ್ ಮಾಡುವ ಎಂಜಿನಿಯರ್ ಬಣ್ಣದ ನಕ್ಷೆಯನ್ನು ಒಪ್ಪದೆ ಇರಬಹುದು, ಈ ಫೋಟೊ ಎದುರು ವಾದ ಮಾಡುವುದು ಕಡಿಮೆ.

10. ಏಳು ದಿನ ತೇವ, ಆಮೇಲೆ ಮೊದಲ ಮಳೆ

ಮೇಲ್ಮೈ ಒಣಗದಂತೆ ಏಳು ದಿನ ನೀರು ಚಿಮುಕಿಸಿ ಅಥವಾ ತೆಳುವಾದ ಡಾಮರು ಎಮಲ್ಷನ್ ಹೊದಿಸಿ. ಅಷ್ಟು ದಿನ ಟಿಪ್ಪರ್ ಬಿಡಬೇಡಿ. ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೈಲರ್ ಗೇಟಿಗೆ ಬಂದು ನಿಂತಿದ್ದರೂ ಬಿಡಬೇಡಿ. ಅದಕ್ಕೇ ಸಾಗಣೆಯವರ ದಿನಾಂಕವನ್ನು ಈ ಏಳು ದಿನ ಸೇರಿಸಿಯೇ ಬರೆಸಿಕೊಂಡಿರಿ.

ಪಾಸ್ ನಕ್ಷೆ, ಬಿಗಿತದ ನಕ್ಷೆ, ಚೀಲದ ಎಣಿಕೆ, ಗುಂಡಿಗಳ ಫೋಟೊ, ಎಲ್ಲವನ್ನೂ ಸರಪಳಿ ಅಂಕಿಯ (ಚೈನೇಜ್, ಅಂದರೆ ದಾರಿಯ ಆರಂಭದಿಂದ ಇರುವ ದೂರ) ಪ್ರಕಾರ ಒಂದೇ ಕಡತದಲ್ಲಿಡಿ. ಪೂರೈಕೆದಾರರ ಸರ್ವರಿನಲ್ಲಿ ಮಾತ್ರ ಇದ್ದರೆ ಬಾಡಿಗೆ ಮುಗಿದ ತಿಂಗಳು ಅದು ತೆರೆಯುವುದಿಲ್ಲ.

ಮೊದಲ ಜೋರು ಮಳೆಯ ಮಾರನೇ ಬೆಳಿಗ್ಗೆ ಆ ನಕ್ಷೆ ಹಿಡಿದು ದಾರಿಯುದ್ದಕ್ಕೂ ನಡೆಯಿರಿ. ಮೆತ್ತಗಾದ ಕಡೆ ನಿಂತು ನಕ್ಷೆ ನೋಡಿ. ಅಲ್ಲಿ ಪಾಸ್ ಕಡಿಮೆ ಆಗಿದ್ದರೆ ಆ ತುಂಡನ್ನಷ್ಟೇ ಕಿತ್ತು ಮತ್ತೆ ಸುಣ್ಣ ಬೆರೆಸಿ. ಪಾಸ್ ಸರಿ ಇದ್ದು, ಗುಲಾಬಿಯೂ ಬಂದಿದ್ದರೆ ಪಕ್ಕದ ಚರಂಡಿ ನೋಡಿ. ಹೆಚ್ಚಿನ ಸಲ ನೀರು ಅಲ್ಲೇ ಕಟ್ಟಿ ನಿಂತಿರುತ್ತದೆ.